ರೈಲು ಬೋಗಿಯ ಕೆಳಗೊಂದು ತೊಟ್ಟಿ

ಖಣಕ್ಕೆ ಪ್ರಸಿದ್ಧವಾದ ಗುಳೇದಗುಡ್ಡದ ಹೆಸರು ಹೊತ್ತ ರೈಲು ನಿಲ್ದಾಣವೊಂದು ಬಾದಾಮಿ, ಬಾಗಲಕೋಟೆಗಳ ನಡುವೆ ಇದೆ. ಅದು ಗುಳೇದಗುಡ್ಡ ರೋಡ್. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗದಗ-ಹೊಟಗಿ ಮಾರ್ಗವಿದು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೂ ಒಂದು ಪದ್ಧತಿ ಹಾಗೇ ಉಳಿದಿತ್ತು. ದೇಶದ ಉಳಿದೆಡೆಯಂತೆ ಇಲ್ಲಿಯೂ ಬೋಗಿಯ ಶೌಚಾಲಯದ ಮಲಮೂತ್ರ ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಗಾಡಿ ನಿಂತಾಗ ಶೌಚಾಲಯ ಬಳಸಬೇಡಿ ಎಂಬ ಫಲಕವೊಂದೇ ಅದಕ್ಕೆ ಇದ್ದ ಉಪಾಯ.

ಮೊದಲು ಕೆಳದರ್ಜೆಯ ಬೋಗಿಗಳಲ್ಲಿ ಶೌಚಾಲಯವೇ ಇರಲಿಲ್ಲ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕ ಗಾಡಿ ತಪ್ಪಿಸಿಕೊಂಡು, ತಾನು ಪಟ್ಟ ಅವಮಾನವನ್ನು ಸಾಹಿಬ್‌ಗಂಜ್ ಕಚೇರಿಗೆ ಬರೆದ. ಆ ಪತ್ರದಿಂದಲೇ ಕೆಳದರ್ಜೆಗೂ ಶೌಚಾಲಯ ಬಂದಿತೆಂಬುದು ಪ್ರಚಲಿತ ಕಥೆ. ಪ್ರಯಾಣಿಕನ ಮಾನವೇನೋ ಉಳಿಯಿತು. ಆದರೆ ಹಳಿಯ ಮೇಲೆ ಬಿದ್ದದ್ದನ್ನು ಬಳಿಯುವವರ ಮಾನ?

ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 1993ರ ಕಾಯ್ದೆ ಒಣ ಶೌಚಾಲಯಗಳನ್ನಷ್ಟೇ ನೋಡಿತು. ರೈಲು ಹಳಿಯ ಹೆಸರು ಕಾನೂನಿನೊಳಗೆ ಬಂದದ್ದು 2013ರ ಕಾಯ್ದೆಯಲ್ಲಿ. ಈ ಹೋರಾಟದ ಮುಂಚೂಣಿಯಲ್ಲಿದ್ದವರು ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಇತ್ತ, ಮಲಮೂತ್ರದಿಂದ ಹಳಿಗಳೇ ತುಕ್ಕು ಹಿಡಿಯುತ್ತಿವೆ ಎಂದು ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ 2012ರಲ್ಲಿ ಎಚ್ಚರಿಸಿತು.

ಪರಿಹಾರ ಸಿಕ್ಕಿದ್ದು ಸೈನಿಕರ ಶಿಬಿರದಿಂದ. ಹಿಮಪ್ರದೇಶದ ಯೋಧರಿಗಾಗಿ ಡಿಆರ್‌ಡಿಒ ರೂಪಿಸಿದ್ದ ವಿಧಾನವನ್ನು ರೈಲ್ವೆಗೆ ಹೊಂದಿಸಲಾಯಿತು. ಬೋಗಿಯ ಅಡಿಗೆ ಉಕ್ಕಿನ ತೊಟ್ಟಿ ಬಿಗಿದು, ಶೌಚಾಲಯದ ಕೊಳವೆಯನ್ನು ಅದಕ್ಕೆ ಜೋಡಿಸುತ್ತಾರೆ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಒಳಗೆ ಮಲವನ್ನು ಕರಗಿಸಿ ನೀರು, ಅನಿಲಗಳನ್ನಾಗಿ ಮಾಡುತ್ತವೆ. ಹೊರಬೀಳುವ ನೀರಿಗೆ ಕ್ಲೋರಿನ್ ಬೆರೆಯುತ್ತದೆ. 2011ರಲ್ಲಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ನಿಂದ ಆರಂಭವಾದ ಈ ಕೆಲಸದಲ್ಲಿ, ಹಳೆಯವೂ ಸೇರಿದಂತೆ ಸುಮಾರು 73,000 ಬೋಗಿಗಳಿಗೆ 2.5 ಲಕ್ಷಕ್ಕೂ ಹೆಚ್ಚು ತೊಟ್ಟಿಗಳು ಬಂದಿವೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನೀರಿನ ಬಾಟಲಿ, ಗುಟ್ಕಾ ಚೀಟಿ, ಬಟ್ಟೆ ತುಂಡುಗಳನ್ನು ಬ್ಯಾಕ್ಟೀರಿಯಾ ಕರಗಿಸಲಾರದು. ಅವು ಸಿಕ್ಕಿಕೊಂಡು ತೊಟ್ಟಿಗಳು ಕಟ್ಟಿಕೊಳ್ಳುತ್ತಿರುವುದನ್ನು 2017ರ ಸಿಎಜಿ ವರದಿಯೂ ದಾಖಲಿಸಿತು. ಕಟ್ಟಿಕೊಂಡ ತೊಟ್ಟಿಯನ್ನು ಬಿಚ್ಚಿ ಸ್ವಚ್ಛಮಾಡುವುದು ಮತ್ತೆ ಮನುಷ್ಯನೇ. ಬಾಟಲಿಯನ್ನು ಶೌಚಾಲಯಕ್ಕೆ ಎಸೆಯುವ ಕೈ, ಒಂದು ಶತಮಾನದ ಪಯಣವನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತದೆ.