ಕಣ್ಣುಳ್ಳ ಸೆರೆಮನೆ: ಬೆಂಗಳೂರು ಸೆಂಟ್ರಲ್ ಜೈಲಿನ ಸಂಚಾರ

ಒಳಗಿರುವವರನ್ನು ತಾನೇ ಕಾಣಬಲ್ಲ, ಕಾಲದೇಶಗಳನ್ನು ದಾಟಿ ಸಂಚರಿಸಬಲ್ಲ ಸೆರೆಮನೆಯು ಕಲ್ಪಿತ ಕಥೆಗಳ ವಸ್ತುವೇ ಆದರೂ, ಮೆಜೆಸ್ಟಿಕ್‌ಗೆ ಸಮೀಪದ ಶೇಷಾದ್ರಿ ರಸ್ತೆಯಲ್ಲಿದ್ದ ಬೆಂಗಳೂರು ಸೆಂಟ್ರಲ್ ಜೈಲಿನ ಚರಿತ್ರೆಯಲ್ಲಿ ಈ ಎರಡೂ ಗುಣಗಳ ಛಾಯೆ ಕಾಣುತ್ತದೆ.

ರಷ್ಯಾ ಸಾಮ್ರಾಜ್ಯದ ಕ್ರಿಚೆವ್‌ನಲ್ಲಿ ಕೆಲಸಗಾರರ ಮೇಲುಸ್ತುವಾರಿಗೆಂದು ಸ್ಯಾಮ್ಯುಯೆಲ್ ಬೆಂಥಮ್ ಯೋಚಿಸಿದ್ದ ಕಟ್ಟಡವನ್ನು ಅವನ ಅಣ್ಣ, ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಮ್, ಸೆರೆಮನೆಗೆ ಅಳವಡಿಸಿ, ‘ಎಲ್ಲವನ್ನೂ ಕಾಣುವುದು’ ಎಂಬ ಅರ್ಥದ ‘ಪ್ಯಾನಾಪ್ಟಿಕಾನ್’ ಹೆಸರಿನಲ್ಲಿ 1791ರಲ್ಲಿ ಪ್ರಕಟಿಸಿದನು. ನಡುವಿನ ಗೋಪುರದಿಂದ ಸುತ್ತಲಿನ ಎಲ್ಲ ಕೋಣೆಗಳೂ ಕಾಣುವಂತೆಯೂ, ಕೋಣೆಯಲ್ಲಿರುವವನಿಗೆ ಕಾವಲುಗಾರನು ಕಾಣದಂತೆಯೂ ಹೂಡಿದ ಈ ರಚನೆಯಲ್ಲಿ ಗೋಪುರವು ಬರಿದಾಗಿದ್ದರೂ ಕೈದಿಯ ಮನಸ್ಸಿನ ಕಾವಲು ತಪ್ಪುತ್ತಿರಲಿಲ್ಲ.

ಬೆಂಥಮನ ಬರಹಗಳನ್ನು ಸಂಪಾದಿಸಿದ ಶಿಷ್ಯ ಜಾನ್ ಬೌರಿಂಗ್ ತನ್ನ ಮಗನಿಗೆ ಗುರುವಿನ ಹೆಸರನ್ನು ಸೇರಿಸಿಟ್ಟಿದ್ದನು; ಆ ಮಗ ಲೆವಿನ್ ಬೆಂಥಮ್ ಬೌರಿಂಗ್ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದಾಗಲೇ ಬೆಂಗಳೂರಿನ ಈ ಜೈಲು ಮೈದಳೆಯಿತು. ಇದು ಬೆಂಥಮನ ವೃತ್ತಾಕಾರದ ನಕ್ಷೆಯ ಪಡಿಯಚ್ಚಾಗಿರಲಿಲ್ಲ. ಬಂಡಿಯ ಗುಂಬದಿಂದ ಹೊರಟ ಅರೆಕಾಲುಗಳಂತೆ ಬ್ಯಾರಕ್‌ಗಳು, ಎಂದರೆ ಕೈದಿಗಳ ಉದ್ದನೆಯ ಕೊಠಡಿಸಾಲುಗಳು, ನಡುವಿನ ಕಾವಲು ಗೋಪುರದಿಂದ ಕವಲೊಡೆದಿದ್ದವು.

ಈ ಗೋಪುರದ ಕೆಳಗೆ ಕಾಲಗಳು ಒಂದರ ಮೇಲೊಂದು ಬಂದು ಕೂಡಿದವು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಇಲ್ಲಿ ಸೆರೆಯಲ್ಲಿದ್ದ ಎಚ್.ಎಸ್. ದೊರೆಸ್ವಾಮಿಯವರು ಸ್ವತಂತ್ರ ಭಾರತದ ತುರ್ತುಪರಿಸ್ಥಿತಿಯಲ್ಲಿ ಮತ್ತೆ ಬಂಧನಕ್ಕೊಳಗಾದರು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಸೆರೆಸಿಕ್ಕ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನೂ ಇಲ್ಲಿಯೇ ಇರಿಸಲಾಯಿತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಅಸ್ತಮಾದಿಂದ ನರಳುತ್ತಲೇ, ವಿಚಾರಣೆಯಿಲ್ಲದೆ, ಎಂಟು ತಿಂಗಳನ್ನು ಇದರೊಳಗೆ ಕಳೆದು, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು, ಐದೇ ದಿನಗಳಲ್ಲಿ ತೀರಿಕೊಂಡರು.

2000ದಲ್ಲಿ ಸೆರೆಮನೆಯು ಊರಾಚೆಯ ಪರಪ್ಪನ ಅಗ್ರಹಾರಕ್ಕೆ ಸಾಗಿತು. ವಿದ್ವಾಂಸರಾದ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರು ಎಂಬ ಅರ್ಥದ ‘ಅಗ್ರಹಾರ’ವು ಇಂದು ಬೆಂಗಳೂರಿಗರ ಆಡುಮಾತಿನಲ್ಲಿ ಜೈಲಿನ ಮತ್ತೊಂದು ಹೆಸರಾಗಿದೆ.

ಹಳೆಯ ಆವರಣವು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಕಡೆಯಿಂದ ಪ್ರತಿಭಟನೆಗೆಂದು ಬರುವವರು ಮೆಜೆಸ್ಟಿಕ್‌ನಲ್ಲಿಳಿದು, ಬಾವುಟ ಹಿಡಿದು, ಇಲ್ಲಿಗೆ ನಡೆದು ಬರುತ್ತಾರೆ. ನಗರದ ಪ್ರತಿಭಟನೆಗಳು ಪರವಾನಗಿ ಪಡೆದು ಇದೊಂದೇ ಜಾಗದಲ್ಲಿ ನಡೆಯಬೇಕೆಂದು 2021ರ ಆದೇಶವು ವಿಧಿಸಿತು. ಬಂಡೆದ್ದವರನ್ನು ಕೂಡಿಹಾಕಿದ್ದ ಆವರಣಕ್ಕೇ ಪ್ರತಿಭಟನೆಯನ್ನೂ ಸೀಮಿತಗೊಳಿಸಿದಂತಾಯಿತು; ನಡುವಿನ ಗೋಪುರದಲ್ಲಿ ಈಗ ಕಾವಲುಗಾರನಿಲ್ಲ, ಬೆಂಥಮನ ಲೆಕ್ಕದಲ್ಲಿ ಅವನು ಇರಬೇಕಾದ ಅಗತ್ಯವೂ ಇರಲಿಲ್ಲ.