ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ: ಪರದೇಶದಲ್ಲಿ ಮಡಿದವರ ನೆನಪು

ಬೆಂಗಳೂರು–ಮೈಸೂರು ಹೆದ್ದಾರಿಗೆ ಸಮೀಪದಲ್ಲಿ, ಕಾವೇರಿಯ ದಡದಲ್ಲಿ ಇರುವ ಗ್ಯಾರಿಸನ್ ಸ್ಮಶಾನವು, ಅಂದರೆ ಕೋಟೆಯ ಕಾವಲು ಪಡೆಗೆಂದು ಮೀಸಲಿಟ್ಟ ರುದ್ರಭೂಮಿಯು, ಸುಮಾರು 300 ಸಮಾಧಿಗಳನ್ನು ಒಳಗೊಂಡಿದೆ. ಇವೆಲ್ಲ ಟಿಪ್ಪು ಸುಲ್ತಾನನಿಗೂ ಬ್ರಿಟಿಷರಿಗೂ ನಡೆದ 1799ರ ಕೊನೆಯ ಕದನದಲ್ಲಿ ಬಿದ್ದವರವೆಂದು ಹೇಳುವ ವಾಡಿಕೆಯಿದ್ದರೂ, ಇಲ್ಲಿ ಹೂಳುವಿಕೆ ಮುಖ್ಯವಾಗಿ ನಡೆದದ್ದು ಯುದ್ಧ ಮುಗಿದ ಮೇಲೆ, 1800ರಿಂದ 1860ರ ದಶಕದವರೆಗೆ. ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ ಮೊನಚು ಕಂಬಗಳು ಹಾಗೂ ಚಪ್ಪಟೆ ಹಾಸುಗಲ್ಲುಗಳ ನಡುವೆ ಸೈನಿಕರ ಹೆಂಡಿರು ಮಕ್ಕಳ ಗೋರಿಗಳೂ ಇರುವುದು ಆ ವಾಡಿಕೆಯನ್ನು ಅಲ್ಲಗಳೆಯುವುದಕ್ಕೆ ಸಾಕು.

ಇಲ್ಲಿ ಮಣ್ಣಾದವರಲ್ಲಿ ಅನೇಕರು ಇಂಗ್ಲಿಷರಲ್ಲ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನ ಶಾರ್ಲ್-ಡೇನಿಯಲ್ ದ ಮ್ಯೂರೋನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಬಾಡಿಗೆ ದಂಡು ದಕ್ಷಿಣ ಆಫ್ರಿಕಾದ ಕೇಪ್ ಮತ್ತು ಸಿಂಹಳದಲ್ಲಿ ದುಡಿದು, 1795ರಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ಪ್ರಾಧ್ಯಾಪಕನ ಸಂಧಾನದಿಂದ ಬ್ರಿಟಿಷರ ಕಡೆಗೆ ಬಂದಿತು. ಯಾರ ಸಂಬಳ ಉಂಡರೆ ಅವರ ಪರ ಕಾದುವುದೇ ಆ ಕಸುಬಿನ ಧರ್ಮ. 1799ರ ಮೇ 4ರ ಲಗ್ಗೆಯಲ್ಲಿ ಪಾಲ್ಗೊಂಡ ಈ ದಂಡು ಮುಂದೆ ಕೆಲವು ವರ್ಷ ಶ್ರೀರಂಗಪಟ್ಟಣದಲ್ಲೇ ಠಾಣೆ ಹೂಡಿ, 1806ರಲ್ಲಿ ಭಾರತ ಬಿಟ್ಟಿತು.

ಅಷ್ಟರಲ್ಲಿ ಅವರನ್ನು ಕೊಂದದ್ದು ಬಹುಪಾಲು ಜ್ವರ. ನದಿಯ ಎರಡು ಕವಲುಗಳ ನಡುವಣ ದ್ವೀಪದಲ್ಲಿ, ಸುತ್ತ ನೀರು ನಿಂತ ಭತ್ತದ ಗದ್ದೆಗಳಿರುವಲ್ಲಿ, ಹೊಸದಾಗಿ ಬಂದ ಯುವಕನಿಗೆ ಚಳಿಜ್ವರ ತಪ್ಪುವಂತಿರಲಿಲ್ಲ. ಸೊಳ್ಳೆಯ ಪಾತ್ರ ತಿಳಿಯದ ಆ ಕಾಲದ ವೈದ್ಯರು ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಈ ಕಾಟ ತಾಳಲಾರದೆ 1809ರಲ್ಲಿ ಠಾಣೆಯನ್ನು ಬೆಂಗಳೂರಿಗೆ ಸಾಗಿಸಲಾಯಿತು. ಆದರೂ ಹತ್ತಿರದಲ್ಲೇ, ಹೈದರ್ ಮತ್ತು ಅವನ ಮಗ ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟ ಕಾರಣ ಫ್ರೆಂಚ್ ರಾಕ್ಸ್ ಎನಿಸಿಕೊಂಡ ಹಿರೋಡೆಯಲ್ಲಿ, ಅಂದರೆ ಇಂದಿನ ಪಾಂಡವಪುರದಲ್ಲಿ, ದೇಶೀ ಸಿಪಾಯಿಗಳ ಪಡೆಯೊಂದು ಮುಂದೆಯೂ ಬಹುಕಾಲ ಉಳಿಯಿತು.

ಸ್ಮಶಾನದ ಗೋರಿಗಳು ಪಾಳುಬಿದ್ದಾಗ, 2007–08ರ ಸುಮಾರಿಗೆ, ದ ಮ್ಯೂರೋನ್ ವಂಶಸ್ಥರ ನೆರವಿನಿಂದ ಜೀರ್ಣೋದ್ಧಾರ ನಡೆಯಿತು. ಸ್ಮರಣೆಗೆ ವಾರಸುದಾರರು ಬೇಕು, ಹಣವೂ ಬೇಕು. ಬ್ರಿಟಿಷ್ ಸೇನಾನಿ ಕರ್ನಲ್ ವಿಲಿಯಂ ಬೇಲಿ 1782ರಲ್ಲಿ ಟಿಪ್ಪುವಿನ ತಂದೆಯ ಸೆರೆಯಲ್ಲಿ ತೀರಿಕೊಂಡರೆ, ಆ ತಂದೆ ಮಕ್ಕಳ ಗೋರಿಯಿರುವ ಗುಂಬಜಿನ ಬಳಿ ಬೇಲಿಯ ಸ್ಮಾರಕ ಎದ್ದದ್ದು 1816ರಲ್ಲಿ, ಸೋದರಳಿಯನ ಮೂಲಕ. 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ, 1799ರ ಮುತ್ತಿಗೆಯ ನೆನಪಿನ ಸ್ತಂಭವೂ ಮಡಿದ ಅಧಿಕಾರಿಗಳ ಹೆಸರುಗಳನ್ನು ಹೊತ್ತಿದೆ. ಅವರ ಜೊತೆ ಬಂದು ಸತ್ತ ಸಿಪಾಯಿಗಳಿಗಾಗಲಿ, ಕೋಟೆ ಕಾಯುತ್ತ ಸತ್ತ ಟಿಪ್ಪುವಿನ ಸಾಮಾನ್ಯ ಸೈನಿಕರಿಗಾಗಲಿ ಅಲ್ಲಿ ಹೆಸರಿಲ್ಲ. ವೀರಗಲ್ಲು ನೆಡುವ, ಎಂದರೆ ಕಾದಿ ಸತ್ತವನ ಚಿತ್ರ ಕೆತ್ತಿದ ಕಲ್ಲನ್ನು ಊರಿನಲ್ಲೇ ನಿಲ್ಲಿಸಿ ಪೂಜಿಸುವ ಪದ್ಧತಿಯಿದ್ದ ಈ ಸೀಮೆಯಲ್ಲಿ ಇದು ವಿಚಿತ್ರವೇ ಸರಿ. ಇದೇ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 950ರ ಸುಮಾರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಬರೆದಿಟ್ಟಿದೆ.