ಒಗಟಿನಲ್ಲಿ ಉಳಿದ ಹರೆಯ

ಪದಬಂಧವು 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಟ್ಟಿತು. ಆದರೆ ವಯಸ್ಸನ್ನು ಸುಳುಹುಗಳಲ್ಲಿ ಅಡಗಿಸಿ ಕೇಳುವ ವಿನೋದವು ಬಹು ಪ್ರಾಚೀನವಾದುದು.

ಅಲೆಕ್ಸಾಂಡ್ರಿಯದ ಗಣಿತಜ್ಞನಾದ ಡಯೋಫಾಂಟಸನು ಕ್ರಿ. ಶ. 3ನೆಯ ಶತಮಾನದವನೆಂದು ವಿದ್ವಾಂಸರ ಎಣಿಕೆ. ಆತನ ಮುಖ್ಯ ಗ್ರಂಥದ 13 ಭಾಗಗಳಲ್ಲಿ 10 ದೊರೆತಿವೆ. ಬಾಳಿನ ವಿವರವಾದರೋ ಗ್ರೀಕ್ ಪದ್ಯಸಂಕಲನದ ಒಂದು ಒಗಟಿನಲ್ಲಿ ಉಳಿದಿದೆ. ಅದರಂತೆ ಆಯುಷ್ಯದ ಆರರಲ್ಲೊಂದು ಪಾಲು ಬಾಲ್ಯದಲ್ಲಿ ಸಂದಿತು; ಮತ್ತೆ ಹನ್ನೆರಡರಲ್ಲೊಂದು ಪಾಲು ಕಳೆಯಲು ಗಡ್ಡ ಮೂಡಿತು; ಇನ್ನೂ ಏಳರಲ್ಲೊಂದು ಪಾಲಿನ ತರುವಾಯ ವಿವಾಹ, 5 ವರ್ಷಕ್ಕೆ ಪುತ್ರೋದಯ. ಮಗನು ತಂದೆಯ ಆಯುಷ್ಯದ ಅರ್ಧದಷ್ಟೇ ಬದುಕಿ ತೀರಿದನು. 4 ವರ್ಷ ಶೋಕಿಸಿ ತಂದೆಯೂ ಅಳಿದನು.

ಬಿಡಿಸುವ ಬಗೆ ಸುಲಭ. 12ರಿಂದಲೂ 7ರಿಂದಲೂ ನಿಶ್ಶೇಷವಾಗಿ ಭಾಗವಾಗುವ ಕನಿಷ್ಠ ಸಂಖ್ಯೆ 84. ಅದರ ಇಮ್ಮಡಿಯು ಮಾನವಾಯುಷ್ಯವನ್ನು ಮೀರುವುದು. ಆದುದರಿಂದ ಬಾಲ್ಯವು 14ಕ್ಕೆ ಮುಗಿದು, 21ಕ್ಕೆ ಗಡ್ಡ ಮೂಡಿತು. ನಡುವಣ 7 ವರ್ಷಗಳೇ ಹರೆಯ.

ಈ ಅಂಕಿಗಳು ಹೊಸವಲ್ಲ. ಕ್ರಿ. ಪೂ. 6ನೆಯ ಶತಮಾನದಲ್ಲಿಯೇ ಅಥೆನ್ಸಿನ ಸೋಲೋನನು ಬಾಳನ್ನು ಏಳೇಳು ವರ್ಷಗಳ ಹತ್ತು ಹಂತಗಳಾಗಿ ಪದ್ಯದಲ್ಲಿ ವಿಭಾಗಿಸಿದ್ದನು. ಎರಡನೆಯ ಹಂತ ಮುಗಿಯುವಾಗ ಪ್ರಾಯದ ಕುರುಹು, ಮೂರನೆಯದರಲ್ಲಿ ಗಡ್ಡ. ಒಗಟು ಕಟ್ಟಿದವನು ಈ ಹಳೆಯ ಅಳತೆಗೋಲನ್ನೇ ಹಿಡಿದಂತೆ ತೋರುತ್ತದೆ.

ಲೆಕ್ಕವು ಸರಿಹೋದ ಮಾತ್ರಕ್ಕೆ ಜೀವನಚರಿತ್ರೆಯು ಸಿದ್ಧವಾಗದು. ಒಬ್ಬ ಗಣಿತಜ್ಞನು ಬದುಕಿದ ವರ್ಷಗಳಿಗೆ ಈ ಒಗಟು ದುರ್ಬಲ ಸಾಕ್ಷಿ. ಗ್ರೀಕರು ಹರೆಯವನ್ನು ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತಿದ್ದರೆಂಬುದಕ್ಕೆ ಬಲವಾದ ಸಾಕ್ಷಿ.